ಆರ್ಥಿಕ ರಚನೆಯ ಪರಿವರ್ತನೆಯೂ ಉದ್ಯಮಶೀಲತೆಯೂ: ಪೋಲೆಂಡಿನ ಗಿರಣಿ ನಗರವೊಂದರ ನಿದರ್ಶನ

೧

ಒಂದು ದೇಶದ ಆರ್ಥಿಕ ರಚನೆ ಬುಡಮೇಲಾದಾಗ ಅಲ್ಲಿಯ ಜನರ ಉದ್ಯಮಶೀಲತೆಗೆ ಏನಾಗುತ್ತದೆ? ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಎರಡು ವಿಧವಾಗಿ ಉತ್ತರ ಹೇಳುತ್ತ ಬಂದಿದ್ದಾರೆ. ಉದ್ಯಮಶೀಲನು ಹುಟ್ಟುಗುಣದಿಂದಲೇ ಬೇರೆಯಾದವನು, ಅವನಿಗೆ ಸ್ವಾತಂತ್ರ್ಯವನ್ನು ಕೊಟ್ಟರೆ ಸಾಕು, ಉಳಿದುದನ್ನು ಅವನೇ ನೋಡಿಕೊಳ್ಳುವನು ಎಂಬುದು ಒಂದು ಪಕ್ಷ. ಕಾನೂನು, ಸಾಲ, ಪೇಟೆ, ನ್ಯಾಯಾಲಯ ಮುಂತಾದವುಗಳ ವ್ಯವಸ್ಥೆಯೇ ಅವನನ್ನು ನಿರ್ಮಿಸುತ್ತದೆ ಎಂಬುದು ಇನ್ನೊಂದು ಪಕ್ಷ. ೧೯೮೯ರಿಂದ ಈಚೆಗೆ ಪೂರ್ವ ಯುರೋಪಿನ ಸಮಾಜವಾದಿ ರಾಷ್ಟ್ರಗಳು ಯೋಜಿತ ವ್ಯವಸ್ಥೆಯಿಂದ ಮಾರುಕಟ್ಟೆಯ ವ್ಯವಸ್ಥೆಗೆ ದಾಟಿದ ಕಾಲವು ಈ ಎರಡು ಪಕ್ಷಗಳಿಗೂ ಒರೆಗಲ್ಲಾಗಿದೆ. ಆ ರಾಷ್ಟ್ರಗಳನ್ನು ‘ಸಂಕ್ರಮಣ ಕಾಲದ ಅರ್ಥವ್ಯವಸ್ಥೆಗಳು’ ಎಂದು ಕರೆಯುವುದು ವಾಡಿಕೆ.

ಇಷ್ಟು ವಿಶಾಲವಾದ ಪ್ರಶ್ನೆಯನ್ನು ಇಡೀ ಪೂರ್ವ ಯುರೋಪಿಗೆ ಅನ್ವಯಿಸಿ ಚರ್ಚಿಸಹೊರಟರೆ ಮಾತು ಗಾಳಿಯಲ್ಲಿ ತೇಲೀತು. ಆದುದರಿಂದ ಪ್ರಕೃತ ಲೇಖನದಲ್ಲಿ ಪೋಲೆಂಡ್ ದೇಶದ ಒಂದೇ ನಗರವನ್ನು ಆರಿಸಿಕೊಂಡಿದ್ದೇನೆ. ಭೂಪಟದಲ್ಲಿ ನಾವು ಲೋಡ್ಜ್ ಎಂದು ಓದುವ, ಆ ನಾಡಿನವರು ‘ವುಚ್’ ಎಂದು ಉಚ್ಚರಿಸುವ ಈ ನಗರವು ಹತ್ತಿಗಿರಣಿಗಳ ಊರು. ಗಿರಣಿಯ ಭೋಂಗಾ ಕೇಳಿ ಬೆಳೆದ, ಆ ಭೋಂಗಾ ನಿಂತುಹೋದುದನ್ನೂ ಕಂಡ ಮುಂಬಯಿಯ ವಾಚಕರಿಗೆ ಅದರ ಕಥೆ ತೀರ ಅಪರಿಚಿತವೆನಿಸಲಾರದು.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಲು ಗ್ರಂಥಗಳಿಗಿಂತ ಮೊದಲು ಒಂದು ಸಾಲದ ಅರ್ಜಿ ಕಾರಣವಾಯಿತು. ನಾನು ಬ್ಯಾಂಕಿನ ಸೇವೆಗೆ ಸೇರಿದ ಆರಂಭದ ದಿನಗಳಲ್ಲಿ, ಮುಚ್ಚಿಹೋದ ಗಿರಣಿಯೊಂದರ ಕೆಲಸಗಾರರೊಬ್ಬರು ಎರಡು ಹೊಲಿಗೆ ಯಂತ್ರಗಳಿಗೆ ಸಾಲ ಕೇಳಿ ಬಂದಿದ್ದರು. ಅರ್ಜಿಯಲ್ಲಿ ‘ವ್ಯವಹಾರದ ಪೂರ್ವಾನುಭವ’ ಎಂಬ ಅಂಕಣದ ಮುಂದೆ ಅವರು ‘ಗಿರಣಿಯಲ್ಲಿ ೨೬ ವರ್ಷ’ ಎಂದು ಬರೆದಿದ್ದರು. ಅದು ವ್ಯವಹಾರದ ಅನುಭವವಲ್ಲವೆಂದು ನಾನು ಟಿಪ್ಪಣಿ ಬರೆದೆ, ಅರ್ಜಿ ತಿರಸ್ಕೃತವಾಯಿತು. ಆ ಟಿಪ್ಪಣಿ ಸರಿಯಾಗಿತ್ತೇ ಎಂಬ ಸಂದೇಹ ನನ್ನನ್ನು ಬಹುಕಾಲ ಬಿಡಲಿಲ್ಲ. ಲೋಡ್ಜ್ ನಗರದ ಇತಿಹಾಸವನ್ನು ನಾನು ಓದಿದುದು ಈ ಸಂದೇಹದೊಡನೆ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

೨

ಲೋಡ್ಜ್ ಎಂಬ ಪದಕ್ಕೆ ಪೋಲಿಷ್ ಭಾಷೆಯಲ್ಲಿ ದೋಣಿ ಎಂದರ್ಥ. ದೊಡ್ಡ ನದಿಯೊಂದೂ ಇಲ್ಲದ ಊರಿಗೆ ಈ ಹೆಸರು ಬಂದುದು ವಿಚಿತ್ರವೇ ಸರಿ. ನಗರದ ಲಾಂಛನದಲ್ಲಿಯೂ ದೋಣಿಯ ಚಿತ್ರವೇ ಇದೆ. ೧೮೨೦ರಲ್ಲಿ ಇಲ್ಲಿದ್ದ ಜನರು ಎಂಟುನೂರಕ್ಕೂ ಕಡಿಮೆ. ಆ ವರ್ಷ, ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದ ಪೋಲೆಂಡ್ ರಾಜ್ಯದ ಸರಕಾರವು ಈ ಊರನ್ನು ಕಾರ್ಖಾನೆಗಳ ನೆಲೆಯೆಂದು ಗೊತ್ತುಪಡಿಸಿತು. ಸ್ಯಾಕ್ಸನಿ, ಸೈಲೀಸಿಯ, ಬೊಹೀಮಿಯ ಮುಂತಾದ ಪ್ರಾಂತಗಳಿಂದ ನೇಕಾರರು ಬಂದು ನೆಲಸಿದರು. ೧೮೫೧ರಿಂದ ಪೋಲೆಂಡ್ ರಾಜ್ಯಕ್ಕೂ ರಷ್ಯಕ್ಕೂ ನಡುವಣ ಸುಂಕದ ಗಡಿ ಇಲ್ಲದಂತಾಗಿ, ಲೋಡ್ಜ್‌ನ ಬಟ್ಟೆಗೆ ಅಪಾರವಾದ ರಷ್ಯದ ಪೇಟೆ ತೆರೆಯಿತು. ಕಾರ್ಲ್ ಶೈಬ್ಲರ್, ಇಸ್ರಾಯೇಲ್ ಪೊಜ್ನಾನ್ಸ್ಕಿ ಮೊದಲಾದವರು ಕೆಂಪು ಇಟ್ಟಿಗೆಯ ಭವ್ಯ ಗಿರಣಿಗಳನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಜನಸಂಖ್ಯೆ ೫ ಲಕ್ಷದ ಸಮೀಪಕ್ಕೆ ಬಂದಿತ್ತು. ‘ಪೋಲೆಂಡಿನ ಮ್ಯಾಂಚೆಸ್ಟರ್’ ಎಂಬ ಬಿರುದು ಸಾರ್ಥಕವಾಗಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಉದ್ಯಮಶೀಲತೆ ತಾನಾಗಿ ಮೊಳೆತುದಲ್ಲ. ಒಂದು ಸರಕಾರೀ ನಿರ್ಣಯವೂ ಒಂದು ಸುಂಕದ ಬದಲಾವಣೆಯೂ ಅದಕ್ಕೆ ನೆಲವನ್ನು ಹದಗೊಳಿಸಿದ್ದವು. ಎರಡನೆಯದಾಗಿ, ಹೀಗೆ ಬೆಳೆದ ಊರು ದೂರದ ಒಂದೇ ಪೇಟೆಯನ್ನು ನಂಬಿಕೊಂಡಿತ್ತು. ಯುದ್ಧವೂ ರಷ್ಯದ ಕ್ರಾಂತಿಯೂ ಆ ಪೇಟೆಯನ್ನು ಮುಚ್ಚಿದಾಗ, ೧೯೧೮ರಲ್ಲಿ ಸ್ವತಂತ್ರವಾದ ಪೋಲೆಂಡಿನಲ್ಲಿ ಲೋಡ್ಜ್ ತನ್ನ ಹಳೆಯ ವೈಭವವನ್ನು ಮತ್ತೆ ಕಾಣಲಿಲ್ಲ. ರಷ್ಯದ ಪೇಟೆಯನ್ನು ಅದು ಕಳೆದುಕೊಂಡುದು ಇದು ಮೊದಲನೆಯ ಸಲ.

ಎರಡನೆಯ ಮಹಾಯುದ್ಧವು ಪೇಟೆಯನ್ನಷ್ಟೇ ಅಲ್ಲ, ಉದ್ಯಮಿಗಳ ವರ್ಗವನ್ನೇ ಅಳಿಸಿಹಾಕಿತು. ನಗರದ ಜನರಲ್ಲಿ ಮೂರರಲ್ಲೊಂದು ಪಾಲಿನಷ್ಟು ಯೆಹೂದ್ಯರಿದ್ದರು. ನಾಜಿಗಳು ೧೯೪೦ರಿಂದ ೧೯೪೪ರವರೆಗೆ ಅವರನ್ನು ನಗರದ ಒಂದು ಭಾಗದಲ್ಲಿ ಕೂಡಿಹಾಕಿ ದುಡಿಸಿಕೊಂಡು, ಅವರಲ್ಲಿ ಬಹುತೇಕ ಎಲ್ಲರನ್ನೂ ಸಂಹರಿಸಿದರು. ಯುದ್ಧ ಮುಗಿದಾಗ ಜರ್ಮನ್ ಮನೆತನಗಳು ಓಡಿಹೋದವು ಇಲ್ಲವೆ ಹೊರಗಟ್ಟಲ್ಪಟ್ಟವು. ೧೯೪೬ರ ಜನವರಿ ೩ರ ಕಾನೂನಿನಿಂದ, ಒಂದು ಪಾಳಿಗೆ ಐವತ್ತಕ್ಕಿಂತ ಹೆಚ್ಚು ಜನರನ್ನು ದುಡಿಸಬಲ್ಲ ಉದ್ದಿಮೆಗಳೆಲ್ಲ ರಾಷ್ಟ್ರದ ಸೊತ್ತಾದವು. ಗಿರಣಿಗಳು ನಿಂತೇ ಇದ್ದವು. ಅವುಗಳನ್ನು ಕಟ್ಟಿದವರ ಸಂತತಿ ಮಾತ್ರ ಇರಲಿಲ್ಲ.

೩

ಯೋಜಿತ ವ್ಯವಸ್ಥೆಯ ನಾಲ್ಕು ದಶಕಗಳಲ್ಲಿ ಲೋಡ್ಜ್ ಹೆಂಗಸರ ದುಡಿಮೆಯ ಊರಾಯಿತು. ಮಗ್ಗಗಳ ಮುಂದೆ ಪಾಳಿಯ ಮೇಲೆ ನಿಂತವರಲ್ಲಿ ಬಹುಮಂದಿ ಸ್ತ್ರೀಯರು. ಇವರನ್ನು ಬರಿಯ ಆಜ್ಞಾಧಾರಕರೆಂದು ತಿಳಿಯುವುದು ತಪ್ಪು. ೧೯೭೦ರ ಡಿಸೆಂಬರಿನಲ್ಲಿ ಸರಕಾರವು ಆಹಾರದ ಬೆಲೆಗಳನ್ನು ಏರಿಸಿತು. ಬಂದರು ನಗರಗಳ ಗಂಡಸರು ಗುಂಡೇಟು ತಿಂದರೂ ಆ ಏರಿಕೆ ಇಳಿಯಲಿಲ್ಲ. ೧೯೭೧ರ ಫೆಬ್ರುವರಿಯಲ್ಲಿ ಲೋಡ್ಜ್‌ನ ಗಿರಣಿಯ ಹೆಂಗಸರು ಮುಷ್ಕರ ಹೂಡಿದ ಮೇಲೆ ಅದು ರದ್ದಾಯಿತು. ೧೯೮೧ರ ಜುಲೈಯಲ್ಲಿ ಇದೇ ನಗರದ ಬೀದಿಗಳಲ್ಲಿ ಸಾವಿರಾರು ಮಂದಿ ತಾಯಂದಿರು ಮಕ್ಕಳೊಡನೆ ಹಸಿವಿನ ಮೆರವಣಿಗೆ ನಡೆಸಿದರು.

ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನೈ ೧೯೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವ್ಯವಸ್ಥೆಯನ್ನು ‘ಅಭಾವದ ಅರ್ಥವ್ಯವಸ್ಥೆ’ ಎಂದು ಕರೆದನು. ಕಾರ್ಖಾನೆ ನಷ್ಟ ಮಾಡಿದರೂ ಬೊಕ್ಕಸವು ಅದನ್ನು ತುಂಬಿಕೊಡುತ್ತದೆ. ಹೀಗಿರಲು ಕಾರ್ಖಾನೆಯ ಮುಖ್ಯಸ್ಥನಿಗೆ ಗಿರಾಕಿಯ ಭಯವಿಲ್ಲ, ದಿವಾಳಿಯ ಭಯವೂ ಇಲ್ಲ. ಕಚ್ಚಾಮಾಲನ್ನು ಎಷ್ಟು ಸಾಧ್ಯವೋ ಅಷ್ಟು ಸೆಳೆದಿಟ್ಟುಕೊಳ್ಳುವುದೇ ಅವನ ಜಾಣತನ. ಇದನ್ನು ಕೊರ್ನೈ ಆಯವ್ಯಯದ ‘ಮೃದು ಕಟ್ಟು’ ಎಂದು ವರ್ಣಿಸಿದನು. ಬ್ಯಾಂಕಿನವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಮರಳಿ ಬಾರದ ಸಾಲವನ್ನು ವರ್ಷವರ್ಷವೂ ಹೊಸ ಸಾಲದಿಂದ ಮುಚ್ಚುವ ರೂಢಿ ನಮ್ಮಲ್ಲಿಯೂ ಅಪರೂಪವಲ್ಲ.

ಆದರೆ ಅಭಾವವು ಸಾಮಾನ್ಯ ಜನರಿಗೆ ಬೇರೊಂದು ವಿದ್ಯೆಯನ್ನು ಕಲಿಸಿತ್ತು. ಅಂಗಡಿಯಲ್ಲಿ ದೊರೆಯದುದನ್ನು ಎಲ್ಲಿ, ಯಾರಿಂದ, ಯಾವುದರ ಬದಲಿಗೆ ಪಡೆಯಬಹುದೆಂಬುದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತಿತ್ತು. ಪೋಲೆಂಡಿನ ಸಾಗುವಳಿಯ ನೆಲದಲ್ಲಿ ಸುಮಾರು ಮುಕ್ಕಾಲು ಪಾಲು ಸಮಾಜವಾದದ ಕಾಲದಲ್ಲಿಯೂ ಖಾಸಗಿ ರೈತರ ಕೈಯಲ್ಲಿಯೇ ಉಳಿದಿತ್ತು. ದರ್ಜಿ, ಚಮ್ಮಾರ, ಯಂತ್ರ ರಿಪೇರಿಯವರು ಮುಂತಾದ ಸಣ್ಣ ಕಸುಬುದಾರರು ಮಿತಿಯೊಳಗೆ ಬದುಕಿದ್ದರು. ೧೯೮೦ರ ದಶಕದ ಕೊನೆಗೆ ಪಾಸ್‌ಪೋರ್ಟಿನ ನಿಯಮಗಳು ಸಡಿಲವಾದಾಗ, ಪೋಲಿಷ್ ಜನರು ಚೀಲಗಳನ್ನು ಹೊತ್ತು ಪಶ್ಚಿಮ ಬರ್ಲಿನ್ನಿಗೂ ತುರ್ಕಿಗೂ ಹೋಗಿ ಕೊಳ್ಳುವ ಮಾರುವ ಕೆಲಸಕ್ಕೆ ತೊಡಗಿದರು. ಉದ್ಯಮಶೀಲತೆ ಸತ್ತಿರಲಿಲ್ಲ, ಕಾನೂನಿನ ಸಂದಿಗೊಂದಿಗಳಲ್ಲಿ ಅಡಗಿತ್ತು.

೪

ಬಾಗಿಲನ್ನು ತೆರೆದವರು ಸಮಾಜವಾದಿ ಸರಕಾರದವರೇ ಎಂಬುದು ಇತಿಹಾಸದ ಒಂದು ಸೋಜಿಗ. ರಾಕೋವ್ಸ್ಕಿ ಪ್ರಧಾನಿಯಾಗಿದ್ದಾಗ ಉದ್ಯೋಗ ಮಂತ್ರಿಯಾಗಿದ್ದ ಮಿಯೆಚಿಸ್ವಾವ್ ವಿಲ್ಚೆಕ್ ರಸಾಯನಶಾಸ್ತ್ರಜ್ಞನು. ಮಂತ್ರಿಯಾಗುವ ಮೊದಲು ಖಾಸಗಿ ಉದ್ಯಮ ನಡೆಸಿದವನು. ಅವನ ಹೆಸರಿನಿಂದಲೇ ಪ್ರಸಿದ್ಧವಾದ, ೧೯೮೮ರ ಡಿಸೆಂಬರ್ ೨೩ರ ಶಾಸನವು ೧೯೮೯ರ ಜನವರಿ ೧ರಿಂದ ಜಾರಿಗೆ ಬಂದಿತು. ಯಾವನೇ ಪ್ರಜೆಯಾದರೂ ಸಮಾನ ಹಕ್ಕಿನಿಂದ ಯಾವುದೇ ಆರ್ಥಿಕ ಚಟುವಟಿಕೆಯನ್ನು ಕೈಗೊಳ್ಳಬಹುದು ಎಂಬುದು ಅದರ ತಿರುಳು. ಪರವಾನಗಿ ಬೇಕಾದ ಕ್ಷೇತ್ರಗಳು ಕೆಲವೇ ಕೆಲವು. ಉಳಿದುದಕ್ಕೆಲ್ಲ ಹೆಸರು ನೋಂದಾಯಿಸಿದರೆ ಸಾಕು. ಅದೇ ವರ್ಷದ ಮಾರ್ಚಿನಲ್ಲಿ ವಿದೇಶೀ ಹಣವನ್ನು ವಿನಿಮಯ ಮಾಡುವ ಖಾಸಗಿ ಅಂಗಡಿಗಳಿಗೂ ಮಾನ್ಯತೆ ದೊರೆಯಿತು. ಹಾಸಿಗೆಯಡಿಯಲ್ಲಿದ್ದ ಡಾಲರುಗಳು ಹಗಲು ಬೆಳಕಿಗೆ ಬಂದವು.

೧೯೮೯ರ ಜೂನ್ ಚುನಾವಣೆಯ ತರುವಾಯ ಮಾಜೋವ್ಯೆತ್ಸ್ಕಿಯ ಸರಕಾರ ಬಂದು, ಅರ್ಥಮಂತ್ರಿ ಲೆಶೆಕ್ ಬಾಲ್ತ್ಸೆರೋವಿಚ್ ತನ್ನ ಉಗ್ರ ಸುಧಾರಣೆಗಳನ್ನು ೧೯೯೦ರ ಜನವರಿ ೧ರಂದು ಪ್ರಾರಂಭಿಸಿದನು. ಬೆಲೆಗಳ ಮೇಲಣ ಹತೋಟಿ ಬಹುಮಟ್ಟಿಗೆ ಹೋಯಿತು. ಒಂದು ಡಾಲರಿಗೆ ೯,೫೦೦ ಜ್ಲೋತಿ ಎಂದು ದರ ನಿಶ್ಚಯವಾಯಿತು. ಆ ಒಂದೇ ತಿಂಗಳಲ್ಲಿ ಬೆಲೆಗಳು ಶೇಕಡಾ ೮೦ರ ಹತ್ತಿರ ಏರಿದವು. ಕೇಂದ್ರ ಬ್ಯಾಂಕಿನ ಬಡ್ಡಿಯ ದರ ತಿಂಗಳಿಗೆ ಶೇಕಡಾ ೩೬ ಆಗಿತ್ತು. ವರ್ಷಕ್ಕಲ್ಲ, ತಿಂಗಳಿಗೆ! ಸರಕಾರೀ ಕಾರ್ಖಾನೆಗಳಿಗೆ ಬೊಕ್ಕಸದಿಂದ ಬರುತ್ತಿದ್ದ ಸಹಾಯ ಕುಗ್ಗಿತು. ‘ಮೃದು ಕಟ್ಟು’ ಬಿಗಿಯಾಯಿತು.

ಲೋಡ್ಜ್‌ಗೆ ಇನ್ನೊಂದು ಪೆಟ್ಟು ಕಾದಿತ್ತು. ಸೋವಿಯತ್ ಒಕ್ಕೂಟದೊಡನೆ ನಡೆಯುತ್ತಿದ್ದ ವ್ಯಾಪಾರದ ಲೆಕ್ಕವನ್ನು ೧೯೯೧ರ ಆರಂಭದಿಂದ ಪಾಶ್ಚಾತ್ಯ ನಾಣ್ಯದಲ್ಲಿ ತೀರಿಸಬೇಕಾಯಿತು. ಕೊಳ್ಳುವವರ ಬಳಿ ಆ ಹಣವಿರಲಿಲ್ಲ. ವರ್ಷದ ಕೊನೆಗೆ ಒಕ್ಕೂಟವೇ ಇಲ್ಲವಾಯಿತು. ರಷ್ಯದ ಪೇಟೆಯನ್ನು ಲೋಡ್ಜ್ ಎರಡನೆಯ ಸಲ ಕಳೆದುಕೊಂಡಿತು. ಒಂದರ ಹಿಂದೊಂದು ಗಿರಣಿ ಮುಚ್ಚಿತು. ಪೊಜ್ನಾನ್ಸ್ಕಿ ಕಟ್ಟಿದ ಗಿರಣಿಯೂ ಉಳಿಯಲಿಲ್ಲ. ೧೯೯೦ರ ಆರಂಭದಲ್ಲಿ ಹೆಸರಿಗೂ ಇರದಿದ್ದ ನಿರುದ್ಯೋಗವು ದೇಶದಲ್ಲಿ ೧೯೯೩ರ ಕೊನೆಗೆ ಶೇಕಡಾ ೧೬ನ್ನು ಮೀರಿತು.

ಇದೇ ಕಾಲದಲ್ಲಿ ವ್ಯಕ್ತಿಗಳು ನಡೆಸುವ ಸಣ್ಣ ಉದ್ಯಮಗಳು ೧೯೮೯ರ ಕೊನೆಗೆ ಸುಮಾರು ೮ ಲಕ್ಷದಷ್ಟಿದ್ದುದು ೧೯೯೧ರ ಕೊನೆಗೆ ಸುಮಾರು ೧೪ ಲಕ್ಷಕ್ಕೇರಿದವು. ಈ ಅಂಕೆಯನ್ನು ಸುಧಾರಣೆಯ ವಿಜಯಪತಾಕೆಯೆಂದು ಹಲವರು ಎತ್ತಿ ತೋರಿಸುತ್ತಾರೆ. ಪಾದಚಾರಿ ಮಾರ್ಗದಲ್ಲಿ ಮಡಿಸುವ ಮಂಚವನ್ನು ಬಿಡಿಸಿ ಅದರ ಮೇಲೆ ಸರಕು ಹರವಿ ಮಾರಿದವನೂ ಈ ಲೆಕ್ಕದಲ್ಲಿ ಉದ್ಯಮಿಯೇ. ಅವರಲ್ಲಿ ಕೆಲವರು ಅವಕಾಶವನ್ನು ಕಂಡು ಬಂದವರು, ಅನೇಕರು ಬೇರೆ ದಾರಿಯಿಲ್ಲದೆ ಬಂದವರು. ಅಂಕೆ ಇವರನ್ನು ಬೇರ್ಪಡಿಸಿ ಹೇಳುವುದಿಲ್ಲ. ಬೀದಿಯ ಮೇಲೆ ನಿಂತಾಗ ಅವರೇ ಹಾಗೆ ಬೇರ್ಪಟ್ಟಿರಲೂ ಇಲ್ಲ.

೫

ಗಿರಣಿಗಳು ಮುಚ್ಚಿದ ಊರಿನಲ್ಲಿ ಬಟ್ಟೆಯ ಕೆಲಸ ನಿಂತುಹೋಗಲಿಲ್ಲ ಎಂಬುದೇ ಲೋಡ್ಜ್‌ನ ವಿಶೇಷ. ನಗರದ ದಕ್ಷಿಣಕ್ಕೆ ಟೂಷಿನ್ ಮತ್ತು ಝ್ಗೂಫ್ ಎಂಬ ಎರಡು ಸಣ್ಣ ಊರುಗಳಿವೆ. ೧೯೯೦ರ ದಶಕದಲ್ಲಿ ಇಲ್ಲಿ ಸಿದ್ಧ ಉಡುಪುಗಳ ಬೃಹತ್ ಸಂತೆಗಳು ಬೆಳೆದವು. ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಯ ನೆಲಮಾಳಿಗೆ, ಮೋಟಾರು ಕೊಟ್ಟಿಗೆಗಳಲ್ಲಿ ಹೊಲಿಗೆಯ ಯಂತ್ರಗಳು ಓಡತೊಡಗಿದವು. ರಷ್ಯ, ಬೆಲಾರುಸ್, ಉಕ್ರೇನುಗಳಿಂದ ವ್ಯಾಪಾರಿಗಳು ಬಸ್ಸುಗಳಲ್ಲಿ ಬಂದು, ಮೂಟೆಗಟ್ಟಲೆ ಬಟ್ಟೆಯನ್ನು ನಗದು ಕೊಟ್ಟು ಒಯ್ಯುತ್ತಿದ್ದರು. ಸರಕಾರಗಳ ನಡುವಣ ಒಪ್ಪಂದದಿಂದ ನಡೆಯುತ್ತಿದ್ದ ವ್ಯಾಪಾರವು ಸತ್ತು, ಅದೇ ಪೇಟೆಗೆ ಅದೇ ಸರಕು ಚೀಲಗಳಲ್ಲಿ ಹೋಗುವಂತಾಯಿತು.

ಈ ಹೊಸ ಕಸುಬಿಗೆ ಬೇಕಾದುದೇನು? ಯಾವ ದಾರ ಎಲ್ಲಿ ತುಂಡಾಗುತ್ತದೆ, ಯಾವ ಬಟ್ಟೆ ತೊಳೆದಾಗ ಕುಗ್ಗುತ್ತದೆ, ಪಾಳಿಯ ಕೆಲಸವನ್ನು ಹೇಗೆ ಹಂಚಬೇಕು, ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು ಎಂಬ ಜ್ಞಾನ. ಇದನ್ನು ಕೊಟ್ಟುದು ಹಳೆಯ ಗಿರಣಿ. ಆರ್ಥಿಕ ರಚನೆ ಮುರಿದುಬಿದ್ದಾಗ ಕಟ್ಟಡವೂ ಯಂತ್ರವೂ ಬೆಲೆ ಕಳೆದುಕೊಳ್ಳಬಹುದು. ಕೈಯ ಕಸುಬಿಗೆ ಬಾಗಿಲೊಂದು ತೆರೆದಿದ್ದರೆ ಅದು ಬೇರೆ ರೂಪದಲ್ಲಿ ಬದುಕುತ್ತದೆ.

ಬ್ಯಾಂಕುಗಳು ಈ ಕಥೆಯಲ್ಲಿ ಯಾವ ಪಾತ್ರ ವಹಿಸಿದವು? ೧೯೮೯ರಲ್ಲಿ ಪೋಲೆಂಡಿನ ರಾಷ್ಟ್ರೀಯ ಬ್ಯಾಂಕಿನಿಂದ ಒಂಬತ್ತು ವಾಣಿಜ್ಯ ಬ್ಯಾಂಕುಗಳನ್ನು ಬೇರ್ಪಡಿಸಲಾಯಿತು. ಅವುಗಳಲ್ಲಿ ಒಂದರ ಮುಖ್ಯ ಕಚೇರಿ ಲೋಡ್ಜ್‌ನಲ್ಲಿಯೇ ಇತ್ತು. ಈ ಬ್ಯಾಂಕುಗಳಿಗೆ ಹುಟ್ಟಿನೊಡನೆ ಪಿತ್ರಾರ್ಜಿತವಾಗಿ ಬಂದುದು ಸರಕಾರೀ ಕಾರ್ಖಾನೆಗಳ ಹಳೆಯ ಸಾಲಗಳು. ಸಾಲ ಕೊಡುವುದೆಂದರೆ ಮೇಲಿನಿಂದ ಬಂದ ಯೋಜನೆಗೆ ರುಜು ಹಾಕುವುದೆಂದು ತಿಳಿದಿದ್ದ ಅಧಿಕಾರಿಗಳಿಗೆ, ಎದುರಿಗೆ ಕುಳಿತ ಅಪರಿಚಿತನ ಯೋಗ್ಯತೆಯನ್ನು ಅಳೆಯುವ ವಿದ್ಯೆ ತಿಳಿದಿರಲಿಲ್ಲ. ಬಡ್ಡಿಯ ದರವಂತೂ ಸಣ್ಣವರಿಗೆ ನಿಲುಕುವಂಥದಾಗಿರಲಿಲ್ಲ. ಆದುದರಿಂದ ಹೊಸ ಉದ್ಯಮಗಳಲ್ಲಿ ಹೆಚ್ಚಿನವು ಸ್ವಂತ ಉಳಿತಾಯ, ಬಂಧುಗಳ ಕೈಗಡ, ವಿದೇಶದಲ್ಲಿ ದುಡಿದು ತಂದ ಹಣ, ಇವುಗಳಿಂದಲೇ ಪ್ರಾರಂಭವಾದವು. ೧೯೯೩ರ ಫೆಬ್ರುವರಿಯ ಒಂದು ಕಾನೂನು, ವಸೂಲಾಗದ ಸಾಲಗಳ ವಿಷಯದಲ್ಲಿ ಸಾಲಗಾರ ಕಾರ್ಖಾನೆಯೊಡನೆ ಗೊತ್ತಾದ ಅವಧಿಯೊಳಗೆ ಇತ್ಯರ್ಥಕ್ಕೆ ಬರಲೇಬೇಕೆಂದು ಬ್ಯಾಂಕುಗಳನ್ನು ಕಟ್ಟಿಹಾಕಿತು. ಅದಕ್ಕೆ ಪ್ರತಿಯಾಗಿ ಸರಕಾರವು ತನ್ನ ಋಣಪತ್ರಗಳ ಮೂಲಕ ಬ್ಯಾಂಕುಗಳ ಬಂಡವಾಳವನ್ನು ತುಂಬಿತು. ಹಳೆಯ ಸಾಲದ ಲೆಕ್ಕ ಮುಗಿಯದೆ ಹೊಸ ಸಾಲಕ್ಕೆ ಕೈ ಬಿಡುವಾಗುವುದಿಲ್ಲ ಎಂಬ ಸತ್ಯವನ್ನು ಅವರು ಬೇಗ ಕಂಡುಕೊಂಡರು.

೬

ಪೋಲೆಂಡಿನ ಈ ಅನುಭವವನ್ನು ರಷ್ಯದ ಅನುಭವದೊಡನೆ ಹೋಲಿಸಿದಾಗ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸೋವಿಯತ್ ಒಕ್ಕೂಟವೂ ೧೯೮೮ರ ಮೇ ತಿಂಗಳಿನ ಸಹಕಾರ ಶಾಸನದಿಂದ ಖಾಸಗಿ ಉದ್ಯಮಕ್ಕೆ ಬಾಗಿಲನ್ನು ತೆರೆದಿತ್ತು. ೧೯೯೨ರ ಜನವರಿಯಲ್ಲಿ ರಷ್ಯದಲ್ಲಿಯೂ ಬೆಲೆಗಳ ಹತೋಟಿ ಹೋಯಿತು. ಬೀದಿಬೀದಿಯಲ್ಲಿ ಮಾರುವವರು ಸಾಲುಗಟ್ಟಿ ನಿಂತರು. ಆದರೆ ಅಲ್ಲಿ ದೊಡ್ಡ ಲಾಭದ ದಾರಿ ಬೇರೆಡೆ ಇತ್ತು. ಒಳನಾಡಿನ ಅಗ್ಗದ ದರದಲ್ಲಿ ಎಣ್ಣೆ, ಲೋಹಗಳನ್ನು ಕೊಂಡು ಹೊರಗೆ ಮಾರುವುದು, ಅದಕ್ಕೆ ಬೇಕಾದ ಪರವಾನಗಿಯನ್ನು ಕಚೇರಿಗಳಲ್ಲಿ ಸಂಪಾದಿಸುವುದು, ೧೯೯೫ರಲ್ಲಿ ಸರಕಾರಕ್ಕೆ ಸಾಲಕೊಟ್ಟ ನೆಪದಲ್ಲಿ ಮಹಾ ಉದ್ದಿಮೆಗಳ ಶೇರುಗಳನ್ನು ಕೈವಶ ಮಾಡಿಕೊಳ್ಳುವುದು, ಇವು ಆ ದಾರಿಗಳು. ಅಲ್ಲಿಯೂ ಚಾತುರ್ಯಕ್ಕೆ, ಸಾಹಸಕ್ಕೆ ಕೊರತೆಯಿರಲಿಲ್ಲ. ಅವು ಹರಿದ ಕಾಲುವೆ ಬೇರೆ.

ಅಮೆರಿಕದ ವಿಲಿಯಂ ಬೋಮೊಲ್ ೧೯೯೦ರ ತನ್ನ ಪ್ರಬಂಧದಲ್ಲಿ ಇದನ್ನೇ ಪ್ರತಿಪಾದಿಸಿದ್ದಾನೆ. ಉದ್ಯಮಶೀಲರು ಎಲ್ಲ ಕಾಲಗಳಲ್ಲಿಯೂ ಇರುತ್ತಾರೆ. ಅವರು ಉತ್ಪಾದನೆಗೆ ತೊಡಗುತ್ತಾರೋ, ನಿಷ್ಫಲವಾದ ಕೆಲಸಕ್ಕೋ, ವಿನಾಶಕ್ಕೋ ಎಂಬುದನ್ನು ಸಮಾಜವು ಯಾವುದಕ್ಕೆ ಪ್ರತಿಫಲ ಕೊಡುತ್ತದೆ ಎಂಬುದು ನಿರ್ಣಯಿಸುತ್ತದೆ ಎಂಬುದು ಅವನ ವಾದ. ಕೊರ್ನೈ ಕೂಡ ಹತ್ತು ವರ್ಷಗಳ ತರುವಾಯ ಹಿಂದಿರುಗಿ ನೋಡುತ್ತ, ಸರಕಾರದ ಆಸ್ತಿಯನ್ನು ಅವಸರದಲ್ಲಿ ಹಂಚಿದ ನಾಡುಗಳಿಗಿಂತ, ಹೊಸ ಖಾಸಗಿ ಉದ್ಯಮವು ಕೆಳಗಿನಿಂದ ಬೆಳೆಯಲು ಎಡೆಗೊಟ್ಟು ನಷ್ಟದ ಕಾರ್ಖಾನೆಗಳ ಮೇಲೆ ಆಯವ್ಯಯದ ಕಟ್ಟನ್ನು ಬಿಗಿಮಾಡಿದ ನಾಡುಗಳು ಹೆಚ್ಚು ಸುಸ್ಥಿತಿಗೆ ಬಂದವು ಎಂದನು. ಪೋಲೆಂಡಿನ ರಾಷ್ಟ್ರೀಯ ಉತ್ಪನ್ನವು ೧೯೯೨ರಲ್ಲಿ ಮತ್ತೆ ಏರತೊಡಗಿ, ೧೯೯೬ರ ಹೊತ್ತಿಗೆ ೧೯೮೯ರ ಮಟ್ಟವನ್ನು ಮುಟ್ಟಿತು. ರಷ್ಯದ ಉತ್ಪನ್ನವು ಆಗಲೂ ಇಳಿಯುತ್ತಲೇ ಇತ್ತು.

ಹೀಗಾಗಿ, ಮೊದಲು ಹೇಳಿದ ಎರಡು ಪಕ್ಷಗಳಲ್ಲಿ ಯಾವುದೊಂದೂ ಪೂರ್ತಿಯಾಗಿ ನಿಲ್ಲುವುದಿಲ್ಲವೆಂದು ನನ್ನ ಅಭಿಪ್ರಾಯ. ರಚನೆಯ ಪರಿವರ್ತನೆಯು ಉದ್ಯಮಶೀಲರನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. ಇದ್ದವರ ಶಕ್ತಿಯನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಮಾತ್ರ ಅದು ಗೊತ್ತುಮಾಡುತ್ತದೆ. ಸಣ್ಣವನಿಗೆ ಒಳಗೆ ಬರಲು ಸುಲಭವೂ, ದೊಡ್ಡವನಿಗೆ ನಷ್ಟವನ್ನು ಬೊಕ್ಕಸದ ಮೇಲೆ ಹೊರಿಸಲು ಕಷ್ಟವೂ ಆದಾಗ ಆ ಶಕ್ತಿ ಉತ್ಪಾದನೆಗೆ ತಿರುಗುತ್ತದೆ. ಇವೆರಡರಲ್ಲಿ ಒಂದನ್ನೇ ಮಾಡಿದರೆ ಸಾಲದು. ನಮ್ಮ ದೇಶದಲ್ಲಿಯೂ ೧೯೯೧ರ ಜುಲೈಯಲ್ಲಿ ಕೈಗಾರಿಕಾ ಪರವಾನಗಿಯ ಪದ್ಧತಿ ಬಹುಮಟ್ಟಿಗೆ ರದ್ದಾಯಿತು. ಮೊದಲನೆಯ ಕೆಲಸ ಅಂದು ಪ್ರಾರಂಭವಾಯಿತು. ಎರಡನೆಯ ಕೆಲಸಕ್ಕೆ ೨೦೧೬ರ ದಿವಾಳಿ ಸಂಹಿತೆಯವರೆಗೆ ನಾವು ಕಾಯಬೇಕಾಯಿತು.

೭

ಲೋಡ್ಜ್‌ನ ಕಥೆಯನ್ನು ಇಲ್ಲಿಯೇ ನಿಲ್ಲಿಸಿದರೆ ಅದು ಶುಭಾಂತವಾದೀತು. ಆದರೆ ಇತಿಹಾಸಕ್ಕೆ ಅನ್ಯಾಯವಾದೀತು. ೧೯೯೮ರ ಆಗಸ್ಟಿನಲ್ಲಿ ರಷ್ಯದ ಸರಕಾರವು ತನ್ನ ಸಾಲವನ್ನು ತೀರಿಸಲಾರದೆ ಕೈಚೆಲ್ಲಿತು. ರೂಬಲ್ ಕುಸಿಯಿತು, ಬಸ್ಸುಗಳು ಬರುವುದು ವಿರಳವಾಯಿತು. ಟೂಷಿನ್‌ನ ಸಂತೆಗೆ ಬಟ್ಟೆ ಹೊಲಿಯುತ್ತಿದ್ದ ಮನೆಗಳು ಮೂರನೆಯ ಸಲ ಅದೇ ಪೇಟೆಯಿಂದ ಪೆಟ್ಟು ತಿಂದವು. ಶತಮಾನದ ಆರಂಭದಲ್ಲಿ ಗಿರಣಿಯ ಒಡೆಯನು ಹೊತ್ತ ಅಪಾಯವನ್ನು ಶತಮಾನದ ಕೊನೆಗೆ ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಂಗಸು ಹೊರಬೇಕಾಯಿತು. ಅವಳ ಬೆನ್ನಿಗೆ ಶೈಬ್ಲರನ ಬಂಡವಾಳವಿರಲಿಲ್ಲ. ತರುವಾಯ ಚೀನದ ಅಗ್ಗದ ಉಡುಪುಗಳೂ ಬಂದವು. ೧೯೮೦ರ ದಶಕದ ಕೊನೆಗೆ ಸುಮಾರು ೮.೫ ಲಕ್ಷವಿದ್ದ ನಗರದ ಜನಸಂಖ್ಯೆ ೨೦೨೧ರ ಗಣತಿಯ ವೇಳೆಗೆ ೭ ಲಕ್ಷಕ್ಕಿಂತ ಕೆಳಗಿಳಿದಿತ್ತು. ಮಾರುಕಟ್ಟೆಯ ಬಾಗಿಲು ಎಲ್ಲರಿಗೂ ತೆರೆದಿದ್ದರೂ, ಐವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ನೇಕಾರ್ತಿಗೆ ಅದನ್ನು ದಾಟುವ ಕಾಲು ಎಲ್ಲಿಂದ ಬರಬೇಕು?

ಪೊಜ್ನಾನ್ಸ್ಕಿಯ ಗಿರಣಿಯ ಕೆಂಪು ಇಟ್ಟಿಗೆಯ ಗೋಡೆಗಳೊಳಗೆ ೨೦೦೬ರಲ್ಲಿ ‘ಮಾನುಫಾಕ್ತೂರಾ’ ಎಂಬ ವಿಶಾಲವಾದ ಅಂಗಡಿಗಳ ಸಮುಚ್ಚಯ ಪ್ರಾರಂಭವಾಯಿತು. ಪರಳಿನ ಗಿರಣಿಗಳ ನೆಲದಲ್ಲಿ ಎದ್ದ ಮಾಲುಗಳನ್ನು ಕಂಡ ಮುಂಬಯಿಗರಿಗೆ ಈ ದೃಶ್ಯವನ್ನು ವರ್ಣಿಸಬೇಕಾಗಿಲ್ಲ. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿ ೧೯೮೩ರಲ್ಲಿ ಬೆಂಗಳೂರಿಗೆ ನೆಲೆಯನ್ನು ಬದಲಿಸಿದ ಇನ್ಫೋಸಿಸ್ ಸಂಸ್ಥೆಯ ಅಂಗಸಂಸ್ಥೆಯು ೨೦೦೭ರಲ್ಲಿ ಫಿಲಿಪ್ಸ್ ಕಂಪನಿಯ ಲೆಕ್ಕಪತ್ರ ಕೇಂದ್ರಗಳನ್ನು ಕೊಂಡಾಗ, ಅವುಗಳಲ್ಲಿ ಒಂದು ಇದೇ ಲೋಡ್ಜ್‌ನಲ್ಲಿತ್ತು. ಕನ್ನಡ ನಾಡಿನ ರಾಜಧಾನಿಯ ಉದ್ದಿಮೆಯೊಂದು, ಗಿರಣಿಗಳನ್ನು ಕಳೆದುಕೊಂಡ ಪೋಲಿಷ್ ನಗರದ ತರುಣರಿಗೆ ಕೆಲಸ ಕೊಟ್ಟುದು ಸ್ಮರಣೀಯವಾದ ಸಂಗತಿ. ಆದರೆ ಆ ಕೆಲಸಕ್ಕೆ ಸೇರಿದವರು ಭಾಷೆಗಳನ್ನು ಕಲಿತ ಪದವೀಧರರು. ಮುಂಚಿನ ಪೀಳಿಗೆಯ ನೇಕಾರ್ತಿಯರಲ್ಲ. ರಚನೆ ಬದಲಾದಾಗ ಲಾಭ ಬರುವುದು ಒಂದು ಪೀಳಿಗೆಗೆ, ವೆಚ್ಚ ಬೀಳುವುದು ಇನ್ನೊಂದಕ್ಕೆ.

೧೯೮೨ರ ಜನವರಿ ೧೮ರಂದು ಪ್ರಾರಂಭವಾದ ಮುಷ್ಕರದಲ್ಲಿ ಮುಂಬಯಿಯ ಸುಮಾರು ೨.೫ ಲಕ್ಷ ಗಿರಣಿ ಕೆಲಸಗಾರರು ಹೊರಬಿದ್ದರು. ಅವರಲ್ಲಿ ಅನೇಕರು ಮತ್ತೆ ಗಿರಣಿಯ ಒಳಗೆ ಕಾಲಿಡಲಿಲ್ಲ. ಅವರ ಕೈಯಲ್ಲಿದ್ದ ಕಸುಬನ್ನು ಬಂಡವಾಳವೆಂದು ಎಣಿಸುವ ಲೆಕ್ಕಪದ್ಧತಿ ನಮ್ಮಲ್ಲಿ ಆಗ ಇರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ನಾನು ಟಿಪ್ಪಣಿ ಬರೆದಾಗಲೂ ಇರಲಿಲ್ಲ. ಲೋಡ್ಜ್‌ನ ನೆಲಮಾಳಿಗೆಗಳಲ್ಲಿ ಹೊಲಿಗೆಗೆ ಕುಳಿತವರಿಗೂ ಬ್ಯಾಂಕು ಸಾಲ ಕೊಟ್ಟಿರಲಿಲ್ಲ. ಆದರೂ ಅವರು ಗಿರಣಿಯಲ್ಲಿ ಕಲಿತುದನ್ನೇ ನೆಚ್ಚಿ ಏಳೆಂಟು ವರ್ಷ ಮನೆಗಳನ್ನು ಸಾಕಿದರು. ಅವರಿಗೆ ಆಗ ಸ್ವಲ್ಪ ಸಾಲವೂ, ಪೇಟೆ ಕುಸಿದಾಗ ಸ್ವಲ್ಪ ಕಾಲಾವಕಾಶವೂ ದೊರೆತಿದ್ದರೆ ಎಷ್ಟು ಮಂದಿ ನಿಲ್ಲುತ್ತಿದ್ದರೋ ಹೇಳಬಲ್ಲವರಾರು?

ಈಗ ನನ್ನ ಮೇಜಿನ ಮೇಲೆ ಅಂಥ ಅರ್ಜಿ ಬಂದರೆ, ಪೂರ್ವಾನುಭವದ ಅಂಕಣದ ಮುಂದೆ ‘ಗಿರಣಿಯಲ್ಲಿ ೨೬ ವರ್ಷ’ ಎಂಬುದನ್ನು ಎರಡು ಸಲ ಓದುತ್ತೇನೆ. ಆ ಅರ್ಜಿದಾರರು ಮಾತ್ರ ಮತ್ತೆ ಬರಲಿಲ್ಲ.